ಅಮಾವಾಸ್ಯೆಯ ಲೋಡು

ಬುಧವಾರ ಅಮಾವಾಸ್ಯೆಯಲ್ಲ ಎಂಬುದನ್ನು ಶಣ್ಮುಗಂ ಮೂರು ಸಲ ನೋಡಿ ಖಚಿತ ಮಾಡಿಕೊಂಡಿದ್ದ. ಅಡುಗೆಮನೆ ಬಾಗಿಲ ಪಕ್ಕದ ದಿನದ ಹಾಳೆಯ ಕ್ಯಾಲೆಂಡರಿನಲ್ಲಿ ಒಮ್ಮೆ, ಫೋನಿನಲ್ಲಿ ಒಮ್ಮೆ, ಅದೂ ಸಾಲದೆಂದು ಹಾಲು ತರುವ ನೆಪದಲ್ಲಿ ಕೆಳಗಿನ ಪಿಳ್ಳೆಯಾರ್ ಗುಡಿಯ ಪೂಜಾರಿಯನ್ನು ಕೇಳಿ ಒಮ್ಮೆ. ಷಷ್ಠಿ, ಎಂದಿದ್ದರು ಅವರು. ಮನೆಯಲ್ಲಿ ಏನಾದರೂ ವಿಶೇಷವೋ ಎಂದು ಕೇಳಿದ್ದಕ್ಕೆ ಇವನು ಏನೋ ಗೊಣಗಿ ಬಂದಿದ್ದ. ವಿಶೇಷವೇ! ಕೊಯಮತ್ತೂರು, ತಿರುಪ್ಪೂರು ಎರಡು ಜಿಲ್ಲೆಗಳಿಗೆ ಇನ್ನು ಹತ್ತು ವರ್ಷಕ್ಕೆ ಎಷ್ಟು ಕರೆಂಟು ಬೇಕಾದೀತು ಎಂದು ಲೆಕ್ಕ ಹಾಕಿ ಹೇಳುವುದೇ ಉದ್ಯೋಗವಾಗಿರುವ ಎಂಜಿನಿಯರು ಒಂದು ತಿಥಿಯ ಕೈಯಲ್ಲಿ ಸಿಕ್ಕಿ ಒದ್ದಾಡುತ್ತಿದ್ದಾನೆ ಎಂದು ಗುಡಿಯ ಮುಂದೆ ಹೇಳಿಕೊಳ್ಳಲಾದೀತೇ? ಈಗ ಷರ್ಟಿನ ಗುಂಡಿ ಹಾಕುತ್ತ ಮತ್ತೆ ಕ್ಯಾಲೆಂಡರಿನ ಎದುರು ನಿಂತಿದ್ದ. ಹೆಂಡತಿ ಜಯಪ್ರಿಯಾ ದೋಸೆ ಮಗುಚುತ್ತಲೇ, “ಏನುಂಗ, ಅದನ್ನ ಎಷ್ಟು ದಪ ನೋಡ್ತೀರ? ಅದ್ರಲ್ಲಿ ಸಿನಿಮಾ ಏನಾದ್ರೂ ಓಡ್ತಾ ಇದೆಯಾ?” ಎಂದಳು. ಅವನು ನಗಲಿಲ್ಲ. ದೋಸೆ ಬೇಡವೆಂದ, ಆಮೇಲೆ ಎರಡು ತಿಂದ.

ಇದ್ದದ್ದು ಒಂದೇ ಸಬ್‌ಸ್ಟೇಷನ್. ಈ ವರ್ಷಕ್ಕೆ ಒಂದೇ, ಅದು ಸೋಮನೂರಿನ ಮಗ್ಗಗಳಿಗೋ ಕಾಂಗೇಯದ ಕೊಬ್ಬರಿ ಎಣ್ಣೆ ಗಿರಣಿಗಳಿಗೋ ನೀವೇ ಅಳೆದು ಹೇಳಿ ಎಂದು ಮೇಲಿನಿಂದ ಕಾಗದ ಬಂದಿತ್ತು. ಸೋಮನೂರಿನ ಫೀಡರು, ಎಂದರೆ ಆ ಊರಿಗೆ ಕರೆಂಟು ಹೊತ್ತು ತರುವ ಮುಖ್ಯ ಲೈನು, ಒಂದು ದಿನದ ಅಳತೆಯಲ್ಲಿ ಇನ್ನೂರು ಆಂಪ್ಸ್ ದಾಟಿದರೆ ಸಬ್‌ಸ್ಟೇಷನ್ ಸೋಮನೂರಿಗೆ. ದಾಟದಿದ್ದರೆ ಕಾಂಗೇಯಕ್ಕೆ. ದಾಟುತ್ತದೆ ಎಂಬುದರಲ್ಲಿ ಶಣ್ಮುಗಂಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮಧ್ಯಾಹ್ನ ಆ ಬೀದಿಗಳಲ್ಲಿ ವೋಲ್ಟೇಜು ಇಳಿದು ಫ್ಯಾನಿನ ರೆಕ್ಕೆ ಎಣಿಸಬಹುದಾಗಿತ್ತು. ಅವನ ಅಮ್ಮ ಕುಪ್ಪಮ್ಮನ ಶೆಡ್ಡಿನಲ್ಲೇ ಈ ಬೇಸಿಗೆಯಲ್ಲಿ ಎರಡು ಮೋಟಾರು ಸುಟ್ಟಿದ್ದವು. ನಾಲ್ಕು ವರ್ಷದಿಂದ ಆ ಫೈಲನ್ನು ಮೇಜಿಂದ ಮೇಜಿಗೆ ನೂಕಿಕೊಂಡು ಬಂದವನು ಅವನೇ. ಆದರೆ ಆ ಫೈಲಿನ ಒಂದು ಬೀದಿ ತನ್ನದು ಎಂದು ಆಫೀಸಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಹೇಳಿದರೆ ಸ್ವಜನಪಕ್ಷಪಾತ ಅಂದಾರು ಎಂದು ತನಗೆ ತಾನೇ ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ಇಷ್ಟು ಗೌರವದ್ದಲ್ಲ. ಮಗ್ಗದ ಸದ್ದಿನಲ್ಲಿ ಬೆಳೆದವರೆಲ್ಲ ಕೂಗಿ ಮಾತಾಡುತ್ತಾರೆ. ಅವನು ಮಾತ್ರ ಇಪ್ಪತ್ತೆಂಟು ವರ್ಷ ಕಷ್ಟಪಟ್ಟು ಮೆಲ್ಲಗೆ ಮಾತಾಡುವುದನ್ನು ಕಲಿತಿದ್ದ. ಅಮ್ಮನ ಫೋನು ಬಂದರೆ ಎದ್ದು ಮೆಟ್ಟಿಲ ಬಳಿ ಹೋಗುತ್ತಿದ್ದ. ಒಮ್ಮೆ ಯಾರೋ ಅವನ ಮನೆಮಾತಿನ ಕನ್ನಡ ಕೇಳಿಸಿಕೊಂಡು, ಸಾರ್ ನೀವು ಬೆಂಗಳೂರಿನವರಾ, ಎಂದಿದ್ದರು. ಏಳು ತಲೆಮಾರಿನಿಂದ ಸೋಮನೂರಿನಲ್ಲೇ ಇದ್ದು, ಬೆಂಗಳೂರಿಗೆ ಒಂದೇ ಸಲ ಅದೂ ಮದುವೆಗೆ ಹೋಗಿ, ಕನ್ನಡದ ಒಂದಕ್ಷರವೂ ಓದಲು ಬಾರದವನು ಅದಕ್ಕೆ ಏನು ಹೇಳಬೇಕು? ಹೂಂ, ಆ ಕಡೆಯ ನೆಂಟರು, ಎಂದುಬಿಟ್ಟಿದ್ದ. ತಾಯಿಯನ್ನೇ ನೆಂಟರ ಪಟ್ಟಿಗೆ ಸೇರಿಸಿದ್ದ.

ಜೀಪು ಸೂಲೂರು ದಾಟುವಾಗ ಹಿಂದಿನ ಸೀಟಿನಲ್ಲಿ ಕೂತಿದ್ದ ವೈರ್‌ಮನ್ ಕರುಪ್ಪುಸಾಮಿ, “ಸಾರ್, ಒಂದು ಬೋಂಡಾ ತಿಂತೀರಾ? ಬಿಸಿ ಇದೆಯುಂಗ,” ಎಂದು ಎಣ್ಣೆ ಇಳಿಯುತ್ತಿದ್ದ ಪೇಪರಿನ ಪೊಟ್ಟಣ ಮುಂದೆ ಚಾಚಿದ. ಕರುಪ್ಪುಸಾಮಿಗೆ ರಿಟೈರಾಗಲು ಇನ್ನೆರಡು ವರ್ಷ. ಪಲ್ಲಡದ ಕಡೆಯವನು, ತಮಿಳಿನಲ್ಲಿ ಪ್ರತಿ ಮಾತಿನ ಬಾಲಕ್ಕೂ ಒಂದು ಮರ್ಯಾದೆಯ ‘ಂಗ’ ಸೇರಿಸುವವನು. ಅವನು ಬೈದಿದ್ದರೆ, ಮುಖ ತಿರುಗಿಸಿದ್ದರೆ, ಕನಿಷ್ಠ ಬೋಂಡಾವನ್ನು ತಾನೊಬ್ಬನೇ ತಿಂದಿದ್ದರೆ ಶಣ್ಮುಗಂಗೆ ಉಸಿರಾಡುವುದು ಸುಲಭವಾಗುತ್ತಿತ್ತು. ಒಂದು ಬೋಂಡಾ ತೆಗೆದುಕೊಂಡ. ಮೂರು ವಾರದ ಹಿಂದೆ ಇದೇ ಜೀಪಿನಲ್ಲಿ ಇದೇ ದಾರಿಯಲ್ಲಿ ಅಳತೆಗೆ ಹೋಗಿದ್ದರು. ದಿನ ಗೊತ್ತು ಮಾಡಿದ್ದು ಆಫೀಸಿನ ದೊಡ್ಡ ಸಾರ್. ಹೊಸ ಕೆಲಸ ಕಣ್ರೀ ಇದು, ನಿರೈಂಜ ಅಮಾವಾಸೈ ಬರುತ್ತೆ ಅವತ್ತು, ಒಳ್ಳೆ ದಿನ, ಶುರು ಮಾಡಿಬಿಡಿ, ಎಂದಿದ್ದರು. ಹೌದು, ತಮಿಳರಿಗೆ ತುಂಬಿದ ಅಮಾವಾಸ್ಯೆ ಎಂದರೆ ಅಂಗಡಿ ತೆರೆಯುವುದಕ್ಕೆ, ಬಾವಿ ತೋಡುವುದಕ್ಕೆ, ಕೋರ್ಟಿನಲ್ಲಿ ಕೇಸು ಹಾಕುವುದಕ್ಕೂ ಒಳ್ಳೆಯ ದಿನ. ನೇಯುವವರ ಮನೆಯಲ್ಲಿ ಅದು ಚೌಡಮ್ಮನ ದಿನ. ಅಂದು ಮಗ್ಗ ಮುಟ್ಟಬಾರದು. ಕೈಮಗ್ಗದ ಕಾಲದಲ್ಲಿ ಹುಟ್ಟಿದ ಕಟ್ಟಳೆ, ಮೋಟಾರು ಬಂದಮೇಲೂ ಹೋಗಲಿಲ್ಲ. ಕಬ್ಬಿಣಕ್ಕೂ ತಿಂಗಳಿಗೊಂದು ದಿನ ಎಣ್ಣೆಸ್ನಾನ. ಶಣ್ಮುಗಂ ಹುಟ್ಟಿದಂದಿನಿಂದ ಇದನ್ನು ಬಲ್ಲ. “ಒಳ್ಳೇ ದಿನ ಸಾರ್,” ಎಂದಿದ್ದ.

ಮರೆತಿದ್ದೆನೇ? ಮರೆತಿದ್ದೆ ಎಂದು ಹೇಳಿಕೊಳ್ಳಲು ಎಷ್ಟು ಆಸೆ! ಆದರೆ ಅಂದು ಬೆಳಿಗ್ಗೆ ಹಳೆಯ ಸಬ್‌ಸ್ಟೇಷನ್ನಿನ ಪ್ಯಾನೆಲ್ ಮುಂದೆ ಕುಕ್ಕರಗಾಲಲ್ಲಿ ಕೂತು ಮೀಟರಿನ ತಂತಿ ಸಿಕ್ಕಿಸುತ್ತಿದ್ದ ಕರುಪ್ಪುಸಾಮಿ ತಲೆಯೆತ್ತಿ, “ಸಾರ್, ಇನ್ನಿಕ್ಕಿ ಅಮಾವಾಸೈಂಗ. ತರಿ ಓಡಾದುಂಗಳೇ,” ಎಂದಿದ್ದ. ಇವತ್ತು ಅಮಾವಾಸ್ಯೆ, ಮಗ್ಗ ಓಡುವುದಿಲ್ಲವಲ್ಲ, ಎಂದು. ಪಕ್ಕದಲ್ಲಿ ಆಫೀಸಿಗೆ ಹೊಸದಾಗಿ ಬಂದ ಎಂಜಿನಿಯರು ಹುಡುಗಿ ಇಂದುಜಾ ನಿಂತಿದ್ದಳು. ಅವಳು ಕಿಸಕ್ಕನೆ ನಕ್ಕು, “ಏನ್ ಸಾರ್, ಮೆಷಿನ್ನಿಗೂ ಅಮಾವಾಸೆನಾ?” ಎಂದಳು. ಅವಳ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹೌದಮ್ಮಾ, ನಮ್ಮ ಮನೆಯಲ್ಲಿ ಹಾಗೆ, ಎಂದರೆ ಮುಗಿಯುತ್ತಿತ್ತು. ಆ ‘ನಮ್ಮ ಮನೆ’ ಎಂಬುದು ನಾಲಿಗೆಯ ಮೇಲೆ ಬಂದು ಕೂತಿತು, ಮುಂದಕ್ಕೆ ಹೊರಳಲಿಲ್ಲ. ಅದರ ಬದಲು ಶಣ್ಮುಗಂ ತನ್ನ ಮೆಲುದನಿಯಲ್ಲಿ, ಇಂಗ್ಲಿಷು ಬೆರೆಸಿದ ತಮಿಳಿನಲ್ಲಿ, “ಅದೆಲ್ಲಾ ಹಳೇ ಕಾಲ ಕರುಪ್ಪುಸಾಮಿ. ನೀವು ಮೀಟರ್ ಹಾಕಿ,” ಎಂದ. ಕರುಪ್ಪುಸಾಮಿ ಒಂದು ಗಳಿಗೆ ಅವನನ್ನೇ ನೋಡಿದ. ಸರಿಂಗ ಸಾರ್, ಎಂದು ಹಾಕಿದ.

ಆಮೇಲೆ ಮಾಡಿದ್ದು ಇನ್ನೂ ಚೆಂದ. ಅಲ್ಲಿಂದ ನೇರ ಅಮ್ಮನ ಮನೆಗೆ ಹೋಗಿದ್ದ, ಅಮಾವಾಸ್ಯೆಯ ಊಟಕ್ಕೆ. ಅಮ್ಮ ನೆತ್ತಿಗೆ ಎಣ್ಣೆ ತಟ್ಟಿದಳು, ಬಾಳೆಯೆಲೆ ಹಾಸಿ ವಡೆ ಪಾಯಸ ಬಡಿಸಿದಳು. ತಿಂದು ಶೆಡ್ಡಿನ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಉರುಳಿದವನಿಗೆ ಎಂಥ ನಿದ್ದೆ! ಎದ್ದು ಕಣ್ಣುಜ್ಜುತ್ತ, ಇಷ್ಟು ಚೆನ್ನಾಗಿ ಮಲಗಿ ಎಷ್ಟು ವರ್ಷವಾಯಿತಮ್ಮ, ಒಂದು ಸದ್ದಿಲ್ಲ, ಎಂದಿದ್ದ. ತನ್ನ ಬಾಯಿಂದಲೇ ಹೇಳಿದ್ದ. ಅದೇ ಹೊತ್ತಿಗೆ ಒಂದೂವರೆ ಮೈಲಿ ಆಚೆ ಮೀಟರು ಆ ನಿದ್ದೆಯನ್ನು ಬರೆದುಕೊಳ್ಳುತ್ತಿತ್ತು. ಅರವತ್ತೊಂದು ಆಂಪ್ಸ್. ಇಡೀ ದಿನದ ಗರಿಷ್ಠ. ಕಾಂಗೇಯದ ಗಿರಣಿಗಳು ಅದೇ ದಿನ, ಪಾಪ, ನಿಯತ್ತಾಗಿ ಓಡಿ ನೂರೆಪ್ಪತ್ತು ತೋರಿಸಿದ್ದವು. ದೊಡ್ಡ ಸಾರ್ ಮೀಟಿಂಗಿನಲ್ಲಿ ಆ ಎರಡು ಅಂಕಿ ನೋಡಿ, ಏನ್ರೀ ಶಣ್ಮುಗಂ, ನಾಲ್ಕು ವರ್ಷದಿಂದ ಸೋಮನೂರು ಸೋಮನೂರು ಅಂತ ಪ್ರಾಣ ತಿಂದಿರಿ, ಅಲ್ಲಿ ಏನೂ ಇಲ್ಲವಲ್ಲ, ಎಂದರು. ಹನ್ನೆರಡು ಜನ ತಿರುಗಿ ನೋಡಿದರು. ಆ ಗಳಿಗೆಯಲ್ಲಿ ಸತ್ಯ ಹೇಳಲು ಎರಡೇ ಶಬ್ದ ಸಾಕಿತ್ತು. ಶಣ್ಮುಗಂ ನಾಲ್ಕು ಶಬ್ದ ಹೇಳಿದ: ಮೀಟರ್ ತಪ್ಪಾಗಿ ಸಿಕ್ಕಿಸಿದ್ದಾರೆ ಸಾರ್. ಸಿಕ್ಕಿಸಿದವರು ಯಾರು ಎಂದರು. ಹೆಸರು ಹೇಳಿದ. ಕರುಪ್ಪುಸಾಮಿಗೆ ಮೆಮೋ ಹೋಯಿತು, ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಮೊದಲನೆಯದು. ಮತ್ತೊಂದು ಸಲ ಅಳೆಯಿರಿ, ಇದೇ ಕೊನೆ, ಎಂದು ಬುಧವಾರ ಕೊಟ್ಟರು.

“ಸಾರ್, ಇವತ್ತು ಅಮಾವಾಸೈ ಅಲ್ಲಂಗ,” ಎಂದ ಕರುಪ್ಪುಸಾಮಿ ಹಿಂದಿನಿಂದ, ಕೈ ಒರೆಸಿಕೊಳ್ಳುತ್ತ. ಶಣ್ಮುಗಂ ತಿರುಗಿ ನೋಡಲಿಲ್ಲ. ಚುಚ್ಚಿದನೋ, ಸುಮ್ಮನೆ ಹೇಳಿದನೋ? ಮೆಮೋಗೆ ಉತ್ತರ ಬರೆಯುವಾಗ ಆ ಮನುಷ್ಯ, ಮುಂದೆ ಜಾಗ್ರತೆಯಿಂದ ಇರುತ್ತೇನೆ, ಎಂದಷ್ಟೇ ಬರೆದಿದ್ದ. ನಾನು ಹೇಳಿದ್ದೆ, ಸಾಹೇಬರು ಕೇಳಲಿಲ್ಲ, ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆ ಉತ್ತರ ಶಣ್ಮುಗಂನ ಮೇಜಿನ ಮೂಲಕವೇ ಮೇಲೆ ಹೋಯಿತು. ಓದಿ, ಸಹಿ ಹಾಕಿ ಕಳಿಸಿದ. ಸಹಿ ಹಾಕುವಾಗ ಪೆನ್ನಿನಲ್ಲಿ ಶಾಯಿ ನಿಂತು ಎರಡು ಸಲ ಗೀಚಬೇಕಾಯಿತು. ಅದಕ್ಕೂ ನಾಚಿಕೆಯಾಯಿತು.

ಹತ್ತು ಗಂಟೆಗೆ ಮೀಟರು ಕೂತಿತು. ಸಬ್‌ಸ್ಟೇಷನ್ನಿನ ಅಂಗಳದಲ್ಲಿ ಟ್ರಾನ್ಸ್‌ಫಾರ್ಮರು ಗುಂಯ್ ಅನ್ನುತ್ತಿತ್ತು. ಬಿಸಿಲು ಆಗಲೇ ಜಲ್ಲಿಕಲ್ಲಿನ ಮೇಲೆ ಕುಣಿಯುತ್ತಿತ್ತು. ಶಣ್ಮುಗಂ ಚಾ ಕುಡಿದು ಹೊರಗೆ ನಿಂತ. ಪ್ಯಾನೆಲ್ ಬಳಿ ನಿಂತು ಕಾಯುವುದು ಪರೀಕ್ಷೆಯ ಫಲಿತಾಂಶದ ಬೋರ್ಡಿನ ಮುಂದೆ ನಿಂತ ಹಾಗೆ ಅನಿಸಿತು. ಇನ್ನೊಂದು ಗಂಟೆಯಲ್ಲಿ ನೂರೆಂಬತ್ತು, ಹನ್ನೆರಡಕ್ಕೆ ಇನ್ನೂರು, ಆಮೇಲೆ ಕರುಪ್ಪುಸಾಮಿಯನ್ನು ಪಕ್ಕಕ್ಕೆ ಕರೆದು ಏನಾದರೂ ಹೇಳಬಹುದು. ಏನು? ಮನಸ್ಸಿಗೆ ತಗೋಬೇಡಿ, ಅಂತಲೇ? ಮೆಮೋನ ಹೇಗಾದರೂ ಮಾಡಿ ತೆಗೆಸುತ್ತೇನೆ, ಅಂತಲೇ? ಒಳಗಿನಿಂದ ಕರುಪ್ಪುಸಾಮಿ ಬಾಗಿಲಿಗೆ ಬಂದು ನಿಂತ. ಮುಖದಲ್ಲಿ ಏನೂ ಇರಲಿಲ್ಲ. “ಐವತ್ತೆಂಟುಂಗ ಸಾರ್,” ಎಂದ.

ಐವತ್ತೆಂಟು. ಅಮಾವಾಸ್ಯೆಗಿಂತ ಮೂರು ಕಡಿಮೆ. ಶಣ್ಮುಗಂ ಒಳಗೋಡಿ ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ. ಸೋಮನೂರು ಸತ್ತಿದೆಯೇ? ಮುಷ್ಕರವೇ? ಸೋಮವಾರ ಆಫೀಸಿನ ಮೆಟ್ಟಿಲ ಬಳಿ ನಿಂತು ಅಮ್ಮನಿಗೆ ಮಾಡಿದ ಫೋನು ಥಟ್ಟನೆ ನೆನಪಾಯಿತು. ಬುಧವಾರ ಅಳತೆಯಿದೆ, ಎಲ್ಲರೂ ಮಗ್ಗ ಓಡಿಸಿ, ಎಂದು ಹೇಳಲೆಂದೇ ಮಾಡಿದ್ದ. ಆದರೆ ಬಾಯಿ ತೆರೆಯುವಷ್ಟರಲ್ಲಿ ಒಳಗಿನ ಎಂಜಿನಿಯರು ಎದ್ದು ಕೂತಿದ್ದ: ಅಳೆಯುವವನೇ ಅಳತೆ ಹೇಳಿಕೊಡುವುದೇ? ಅದು ಮೋಸವಲ್ಲವೇ? ಕರುಪ್ಪುಸಾಮಿಯ ತಲೆಗೆ ಸುಳ್ಳು ಕಟ್ಟುವಾಗ ಈ ಎಂಜಿನಿಯರು ಎಲ್ಲಿ ಹೋಗಿದ್ದನೋ! ಕೊನೆಗೆ ಹೇಳಿದ್ದಿಷ್ಟೇ: “ಬುಧವಾರ ನಮ್ ಆಫೀಸ್‌ನೋರು ಕರೆಂಟು ಅಳೆಯೋಕ್ ಬರ್ತಾರಮ್ಮ. ಯಾರಿಗೂ ಹೇಳ್ಬೇಡ.” ಅತ್ತ ಕಡೆಯಿಂದ ಅಮ್ಮ, “ಆಗ್ಲಿ ಕಣ್ಣು. ನೀ ಒಂದೂ ಯೋಚ್ನೆ ಮಾಡ್ಬೇಡ. ನಾ ಎಲ್ಲಾ ನೋಡ್ಕೋತೀನಿ,” ಎಂದಿದ್ದಳು. ಆ ದನಿಯಲ್ಲಿದ್ದ ಮಮತೆ ಕೇಳಿ ಅವನಿಗೆ ಕಣ್ಣು ತೇವವಾಗಿತ್ತು. ಯಾರಿಗೂ ಹೇಳಬೇಡ ಎಂದು ಕುಪ್ಪಮ್ಮನಿಗೆ ಹೇಳುವುದೂ ಮೈಕಿನಲ್ಲಿ ಸಾರುವುದೂ ಒಂದೇ ಎಂಬುದು ಆಗ ಹೊಳೆಯಲಿಲ್ಲ.

ಜೀಪು ಡೀಸೆಲ್ಲಿಗೆ ಹೋಗಿತ್ತು. ಸಬ್‌ಸ್ಟೇಷನ್ನಿನ ಆಪರೇಟರನ ಮೊಪೆಡ್ಡನ್ನು ಶಣ್ಮುಗಂ ಕೇಳುವ ಮೊದಲೇ ಕರುಪ್ಪುಸಾಮಿ ಅದರ ಕೀಲಿ ತಂದು ಚಾಚಿದ. ಐವತ್ತೆರಡು ವರ್ಷದ, ಇಸ್ತ್ರಿ ಮುರಿಯದ ಷರ್ಟಿನ ಅಧಿಕಾರಿ ಬಿಸಿಲಲ್ಲಿ ಮೊಪೆಡ್ಡಿನ ಮೇಲೆ ಹಾರುತ್ತ ಕುಲುಕುತ್ತ ಬೀದಿಯ ತಿರುವಿಗೆ ಬಂದಾಗ ಮೊದಲು ಕೇಳಿಸಿದ್ದು ಕಾಗೆ. ಆ ಬೀದಿಯಲ್ಲಿ ಕಾಗೆ ಕೂಗಿದ್ದು ಕೇಳಿಸಬೇಕಾದರೆ ಅಮಾವಾಸ್ಯೆಯೇ ಆಗಬೇಕು. ಶೆಡ್ಡುಗಳ ಬಾಗಿಲೆಲ್ಲ ಎಳೆದಿವೆ. ಬಾಗಿಲಲ್ಲಿ ನೀರು ಚಿಮುಕಿಸಿ ರಂಗೋಲಿಯ ಕೋಲ ಬಿಟ್ಟಿದ್ದಾರೆ. ಮನೆಮುಂದೆ ನೂಲಿನ ಧೂಳು ಕೂಡ ಇಲ್ಲ. ಜನ ಜಗಲಿಯ ಮೇಲೆ ಕೂತು ಅವನನ್ನು ನೋಡಿ ನಕ್ಕರು. ಕಳ್ಳರು ಕಳ್ಳನನ್ನು ನೋಡಿ ನಗುವ ಹಾಗೆ, ತುಂಬ ಆತ್ಮೀಯವಾಗಿ. ಅಮ್ಮ ಹೊಸ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು.

“ಬಂದ್ಯಾ ಕಣ್ಣು! ನಿನ್ ಆಫೀಸ್‌ನೋರು ಎಲ್ಲಿ?” ಎಂದು ಅವನ ಹಿಂದೆ ಇಣುಕಿ ನೋಡಿ, “ಬರ್ಲಿ, ಬರ್ಲಿ. ಒಂದ್ ತರಿ ಓಡ್ತಿಲ್ಲ ನೋಡು. ಬೀದಿ ಬೀದಿ ಹೋಗಿ ಹೇಳ್ಬಿಟ್ಟೆ, ನನ್ ಮಗನ್ ಮಾನಂ ಹೋಗ್ಬಾರ್ದು, ಬುಧವಾರ ಒಬ್ರೂ ಬಟನ್ ಒತ್ಬೇಡಿ ಅಂತ. ಪಕ್ಕದೂರು ಕರುಮತ್ತಂಪಟ್ಟಿಗೂ ಫೋನ್ ಹಾಕ್ಸ್‌ದೆ,” ಎಂದಳು.

“ಅಮ್ಮಾ, ಯಾಕಮ್ಮಾ?” ಎಂದ ಶಣ್ಮುಗಂ. ಅವನ ದನಿ ಅವನಿಗೇ ಕೇಳಿಸಲಿಲ್ಲ.

“ಯಾಕಾ? ಅಪ್ಪನ್ ಮೀಟ್ರು ಇದೆಯಲ್ಲಪ್ಪ!” ಎಂದು ಅಮ್ಮ ದನಿ ತಗ್ಗಿಸಿದಳು, ಎಂದರೆ ನಾಲ್ಕು ಮನೆಗೆ ಮಾತ್ರ ಕೇಳುವಷ್ಟು. ಅವಳು ಹೇಳಿದ್ದು ಸುಳ್ಳಲ್ಲ. ಶೆಡ್ಡಿನ ಗೋಡೆಯ ಮೇಲೆ ಎರಡು ಮೀಟರು, ಒಂದು ಅವಳ ಹೆಸರಲ್ಲಿ, ಇನ್ನೊಂದು ಗಂಡ ಅಯ್ಯಾಸಾಮಿಯ ಹೆಸರಲ್ಲಿ. ಅಯ್ಯಾಸಾಮಿ ತೀರಿಹೋಗಿ ಹನ್ನೊಂದು ವರ್ಷ. ಹೀಗೆ ಹೆಸರು ಬೇರೆಬೇರೆ ಇದ್ದರೆ ರಿಯಾಯಿತಿ ಬೇರೆಬೇರೆ. ಬೀದಿಯಲ್ಲಿ ಯಾವ ಮನೆಯೂ ಇದಕ್ಕೆ ಹೊರತಲ್ಲ. ಆಫೀಸಿನಲ್ಲಿ ಕೂತು ಮಗ್ಗಗಳ ಬೇಡಿಕೆ ವರ್ಷಕ್ಕೆ ಶೇಕಡಾ ಆರೂವರೆ ಏರುತ್ತದೆ ಎಂದು ಗೆರೆ ಎಳೆಯುವಾಗೆಲ್ಲ ಶಣ್ಮುಗಂಗೆ ಆ ಗೆರೆಯ ಮೇಲೆ ಅಪ್ಪ ಹತ್ತುತ್ತಿರುವುದು ಕಾಣುತ್ತಿತ್ತು. ಬದುಕಿದ್ದಾಗ ಒಂದು ದೀಪ ಹೆಚ್ಚಿಗೆ ಉರಿಸಲು ಬಿಡದಿದ್ದ ಮನುಷ್ಯ, ಸತ್ತ ಮೇಲೆ ವರ್ಷದಿಂದ ವರ್ಷಕ್ಕೆ ಹೆಚ್ಚು ಕರೆಂಟು ಕೇಳುತ್ತಿದ್ದ. ಬೋರ್ಡಿನವರು ಬರುತ್ತಾರೆ ಎಂದರೆ ಆ ಬೀದಿಗೆ ಗೊತ್ತಿದ್ದದ್ದು ಒಂದೇ ಅರ್ಥ, ಹಿಡಿಯಲು ಬರುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳದವರು ಯಾರು?

“ಅಮ್ಮ, ಅವರು ಹಿಡಿಯೋಕ್ ಬರ್ತಿಲ್ಲ. ಜಾಸ್ತಿ ಓಡ್ಬೇಕು. ಜಾಸ್ತಿ ಓಡಿದ್ರೇ ಹೊಸ ಸಬ್‌ಸ್ಟೇಷನ್ ಕೊಡ್ತಾರೆ. ಇಲ್ದಿದ್ರೆ ಕಾಂಗೇಯಕ್ಕೆ ಹೋಗುತ್ತೆ. ನಾಲ್ಕು ಗಂಟೆಗೆ ಮೀಟ್ರು ತೆಗೀತಾರೆ, ಅಷ್ಟರಲ್ಲಿ ಓಡ್ಬೇಕು!”

“ಅಂಗಂದ್ರೆ ಸೋಮವಾರವೇ ಹೇಳೋದಲ್ವಾ?” ಎಂದಳು ಅಮ್ಮ. ಶಣ್ಮುಗಂ ಬೀದಿಗೆ ತಿರುಗಿದ. ಇಪ್ಪತ್ತೆಂಟು ವರ್ಷದ ಮೆಲುದನಿಯನ್ನು ಗಂಟಲಿಂದ ಕಿತ್ತು ಬಿಸಾಡಿ, ಮಗ್ಗದ ಮನೆಯ ಮಗನಂತೆ ಕೂಗಿದ: ಎಲ್ಲಾರೂ ತರಿ ಓಡ್ಸಿ! ಏನೂ ಆಗಲ್ಲ! ನಾನ್ ಹೇಳ್ತಿದೀನಿ, ಓಡ್ಸಿ! ಜಗಲಿಗಳ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರುಮನೆಯ ಸುಬ್ಬಾತಾಳ್, ಅವನು ಅತ್ತೆ ಎಂದು ಕರೆಯುವವಳು, ಎಲೆಅಡಿಕೆ ಒಂದು ಕಡೆಗೆ ಒತ್ತರಿಸಿಕೊಂಡು, “ಆಮಾ ಆಮಾ, ಆಫೀಸರ್ ಆದೋನು ಹಂಗೇ ಹೇಳ್ಬೇಕು. ಮೇಲಿನೋರು ಕೇಳಿಸ್ಕೊಳ್ತಿರ್ತಾರೆ. ನೀ ಕೂಗಪ್ಪ, ಕೂಗು. ನಮಿಗೆ ಗೊತ್ತು,” ಎಂದು ಕಣ್ಣು ಮಿಟುಕಿಸಿದಳು. ಬೀದಿಗೆ ಬೀದಿಯೇ ತಲೆಯಾಡಿಸಿತು. ಎಂಥ ನಂಬಿಕೆ! ಜೀವನದಲ್ಲಿ ಮೊದಲ ಸಲ ನಾಲ್ಕು ಜನರ ನಡುವೆ ಕನ್ನಡದಲ್ಲಿ ನಿಜ ಕೂಗಿದರೆ ಜನ ಅದನ್ನು ನಾಟಕವೆಂದು ಮೆಚ್ಚಿಕೊಂಡರು.

ಫೋನು ಮಿಡಿಯಿತು. ಐವತ್ತೈದುಂಗ ಸಾರ್, ಎಂದ ಕರುಪ್ಪುಸಾಮಿ.

ಶಣ್ಮುಗಂ ಚಪ್ಪಲಿ ಕಳಚಿ ಶೆಡ್ಡಿಗೆ ನುಗ್ಗಿದ. ಆರು ಮಗ್ಗ, ಬಿಳಿ ಬಟ್ಟೆ ಅರ್ಧಕ್ಕೆ ನಿಂತದ್ದು, ಎಣ್ಣೆ ಮತ್ತು ಗಂಜಿಯ ಅದೇ ಹಳೆಯ ವಾಸನೆ. ಇಲ್ಲೇ ಮೂಲೆಯಲ್ಲಿ ಕೂತು ಎಂಟನೇ ಕ್ಲಾಸಿನ ಲೆಕ್ಕ ಮಾಡುತ್ತಿದ್ದ. ಈ ಸದ್ದಿಗೆ ಕಿವಿ ಮಂದವಾಗಿ, ಶಾಲೆಯಲ್ಲಿ ಮೇಷ್ಟರು ಏನು ಕೇಳಿದರೂ ಆಂ, ಆಂ ಅನ್ನುತ್ತಾನೆಂದು ಕ್ಲಾಸಿನವರು ಕೆಪ್ಪ ಎಂದು ಹೆಸರಿಟ್ಟಿದ್ದರು. ಅಮ್ಮ ಹಿಂದೆಯೇ ಓಡಿಬಂದು, “ಮುಟ್ಬೇಡ ಕಣ್ಣು, ಷರ್ಟಿಗೆ ಎಣ್ಣೆ ಆಗುತ್ತೆ! ನೇಯೋರ್ನ ಕಳ್ಸ್‌ಬಿಟ್ಟಿದೀನಿ, ದಾರ ಕಿತ್ಕೊಂಡ್ ಹೋಗುತ್ತೆ!” ಎಂದು ಕೈ ಹಿಡಿದಳು. ಅವನು ಅಮ್ಮನ ಕೈಯನ್ನು ಬಿಡಿಸಿಕೊಂಡ. ಬಿಡಿಸಿಕೊಂಡದ್ದು ಸ್ವಲ್ಪ ಒರಟಾಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು. ಹಸಿರು ಬಟನ್ ಒತ್ತಿ, ಒಂದಾದ ಮೇಲೊಂದು ಹಿಡಿ ಎಳೆದ. ಕೈ ಮರೆತಿರಲಿಲ್ಲ. ಲಾಳಿ ಎಡಕ್ಕೆ ಬಲಕ್ಕೆ ಹೊಡೆಯತೊಡಗಿತು. ಆರು ಮಗ್ಗದ ಸದ್ದು ಎದ್ದು ಶೆಡ್ಡು ತುಂಬಿ ಬೀದಿಗೆ ಉಕ್ಕಿತು. ಅಪ್ಪನ ಮೀಟರು ತಿರುಗಿತು. ಶಣ್ಮುಗಂ ಷರ್ಟಿಗೆ ಎಣ್ಣೆ ಮೆತ್ತಿಕೊಂಡು ಫೋನನ್ನು ಕಿವಿಗೊತ್ತಿದ. “ಈಗ? ಈಗ ಎಷ್ಟು?”

“ಐವತ್ತೈದೇಂಗ ಸಾರ್.”

ಐವತ್ತೈದೇ. ಆಗಬೇಕಾದ್ದೇ. ಆರು ಮಗ್ಗ ಆ ಮೀಟರಿನಲ್ಲಿ ಒಂದು ಗೆರೆಯ ಕಾಲುಭಾಗವೂ ಅಲ್ಲ. ಇಪ್ಪತ್ತೆಂಟು ವರ್ಷ ಇದೇ ಲೆಕ್ಕ ಮಾಡಿದವನಿಗೆ ಗೊತ್ತಿಲ್ಲದ್ದೇನಲ್ಲ. ತನ್ನ ಇಡೀ ಧೈರ್ಯದ ಅಳತೆ ಅಷ್ಟೇ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ್ದಾಯಿತು ಎಂದು ಅವನು ಬಾಗಿಲಿಗೆ ಬಂದಾಗ ಎದುರು ಜಗಲಿಯಲ್ಲಿ ಸುಬ್ಬಾತಾಳ್ ಎದ್ದು ನಿಂತಿದ್ದಳು. ಅವಳ ಮುಖದಲ್ಲಿ ಈಗ ನಗೆಯಿರಲಿಲ್ಲ.

“ಏ ಕುಪ್ಪಮ್ಮಾ!” ಎಂದು ಮಗ್ಗದ ಸದ್ದನ್ನೂ ಮೀರಿ ಕಿರುಚಿದಳು. “ನಮ್ದೆಲ್ಲಾ ನಿಲ್ಸ್‌ಬಿಟ್ಟು ನಿನ್ ತರಿ ಮಾತ್ರ ಓಡ್ಸ್ತೀಯಾ? ನಿಂಗೊಂದ್ ನ್ಯಾಯ ನಮಗೊಂದ್ ನ್ಯಾಯಾನಾ? ಮಗ ಆಫೀಸರ್ ಅಂತ ಕೊಬ್ಬಾ ನಿಂಗೆ?”

ಅಮ್ಮ ಏನೋ ಹೇಳಹೋದಳು. ಯಾರು ಕೇಳಬೇಕು? ಅವನ ಕೂಗಿಗೆ ಅಲುಗದ ಬೀದಿ ಹೊಟ್ಟೆಕಿಚ್ಚಿಗೆ ಎದ್ದು ನಿಂತಿತು. ಸುಬ್ಬಾತಾಳ್ ಶೆಡ್ಡಿನ ಬಾಗಿಲು ದಢಾರನೆ ನೂಕಿದ್ದು ಕೇಳಿಸಿತು, ಅವಳ ಎಂಟು ಮಗ್ಗ ಹೊಡೆದುಕೊಂಡವು. ಅದರ ಪಕ್ಕದ್ದು. ಅದರ ಆಚೆಯದು. ಕುಪ್ಪಮ್ಮ ಬೀದಿಯನ್ನೆಲ್ಲ ಮೂರ್ಖರನ್ನಾಗಿ ಮಾಡಿ ತಾನು ನೇಯುತ್ತಿದ್ದಾಳಂತೆ ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರಿ ಹಿಂದಿನ ಬೀದಿಗೆ, ಕಾಲುವೆ ಆಚೆಗೆ, ಕರುಮತ್ತಂಪಟ್ಟಿಗೆ ಹೋಯಿತು. ನಾಲ್ಕು ವರ್ಷ ಶಣ್ಮುಗಂ ಬರೆದ ಬೇಡಿಕೆಯ ಗೆರೆಗಳಲ್ಲಿ ಒಂದೂ ಹೀಗೆ ಏರಿರಲಿಲ್ಲ. ತೊಂಬತ್ತುಂಗ ಸಾರ್. ನೂರೈವತ್ತುಂಗ. ಕರುಪ್ಪುಸಾಮಿಯ ದನಿಯೂ ಏರುತ್ತಿತ್ತು. ನೂರ ಎಂಬತ್ತೆಂಟು. ಸಾರ್, ಇನ್ನೂರ ಐದು! ಶಣ್ಮುಗಂಗೆ ಕುಣಿಯುವಂತಾಯಿತು, ನಾಚಿಕೆಯಿಲ್ಲದೆ ಹೇಳಬೇಕೆಂದರೆ ಒಂದು ಹೆಜ್ಜೆ ಕುಣಿದೇಬಿಟ್ಟ. ತಿರುಗಿದರೆ ಅಮ್ಮ ಗೋಡೆಗೆ ಒರಗಿಕೊಂಡೇ ನಿಂತಿದ್ದಳು. ಹೊಸ ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ತಲೆಯ ಮೇಲಿನ ಟ್ಯೂಬ್‌ಲೈಟು ಮಂಕಾಯಿತು. ಮೋಟಾರುಗಳು ಏರಿನಲ್ಲಿ ಗಾಡಿ ಎಳೆಯುವ ಎತ್ತಿನ ಹಾಗೆ ನರಳಿದವು. ಆಮೇಲೆ ಟಪ್ ಎಂದು, ಒಂದೇ ಏಟಿಗೆ, ಬೀದಿಯೆಲ್ಲ ನಿಂತಿತು. ಲಾಳಿ ಅರ್ಧದಲ್ಲಿ ನಿಂತಿತು. ಮತ್ತೆ ಕಾಗೆ ಕೇಳಿಸಿತು. ಅದರ ಜೊತೆಗೆ ಈಗ ಸ್ಪಷ್ಟವಾಗಿ ಹೊರಗಿನ ಮಾತುಗಳೂ ಕೇಳಿಸಿದವು. ನೋಡು, ತಾನ್ ಓಡ್ಸಿ ಎಲ್ಲಾರ್ದೂ ಕಿತ್ತಾಕ್ಸಿದ್ಲು. ಅವಳ ಮಗನೇ ಕಟ್ ಮಾಡ್ಸಿರ್ಬೇಕು. ಇನ್ನು ಅವಳ್ ಮನೆ ಬಾಗ್ಲಿಗೆ ಹೋಗೋರು ಯಾರು? ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಮೆಲ್ಲಗೆ, ಅವನ ಜೀವಮಾನದಲ್ಲೇ ಮೊದಲ ಸಲ ಅಷ್ಟು ಮೆಲ್ಲಗೆ, “ಐವತ್ ವರ್ಷ ಈ ಬೀದೀಲಿ ಒಬ್ರತ್ರ ಒಂದ್ ಮಾತು ಅನ್ನಿಸ್ಕೊಂಡಿಲ್ಲ ಕಣ್ಣು,” ಎಂದಳು.

ಫೋನು ಇನ್ನೂ ಕೈಯಲ್ಲೇ ಇತ್ತು. “ಸಾರ್! ಇನ್ನೂರ ಮೂವತ್ತಾರುಂಗ! ಓವರ್‌ಲೋಡ್ ಆಗಿ ಟ್ರಿಪ್ ಆಯ್ತುಂಗ! ಸಬ್‌ಸ್ಟೇಷನ್ ಸೋಮನೂರಿಗೇಂಗ ಸಾರ್!” ಎಂದು ಕರುಪ್ಪುಸಾಮಿ ಕೂಗುತ್ತಿದ್ದ. ಎಷ್ಟು ಖುಷಿ ಆ ದನಿಯಲ್ಲಿ, ಯಾರ ಖುಷಿಯೋ! ಆಮೇಲೆ ಅವನೇ ತಗ್ಗಿ, “ಸಾರ್, ಫಾರಂನಲ್ಲಿ ಮೊದಲ್ನೇ ಅಳತೆ ಯಾಕೆ ಕಡಿಮೆ ಬಂತು ಅಂತ ಕೇಳಿದೆಯುಂಗ. ಮೀಟರ್ ತಪ್ಪಾಗಿ ಸಿಕ್ಕಿಸಿದ್ದು ಅಂತಲೇ ಬರೆದುಬಿಡಲಾಂಗ?” ಎಂದ. ಕೇಳಿದ್ದು ಅಷ್ಟೇ, ಬೇರೆ ಏನೂ ಇಲ್ಲ.

ಶಣ್ಮುಗಂ ಬಾಗಿಲ ಹೊರಗೆ ಬಂದ. ಎಣ್ಣೆ ಮೆತ್ತಿದ ಷರ್ಟಿನಲ್ಲಿ, ಬರಿಗಾಲಲ್ಲಿ, ಕೋಲದ ಮೇಲೆ ನಿಂತ. ಫೋನಿಗೆ ಹೇಳಬೇಕಾದ್ದನ್ನು ಬೀದಿಗೂ ಕೇಳುವಂತೆ ಹೇಳಿದ, ತಮಿಳಿನಲ್ಲಿ; ಆ ಬೀದಿಗೆ ಕನ್ನಡ ತಮಿಳು ಎರಡೂ ಒಂದೇ. “ಬೇಡ ಕರುಪ್ಪುಸಾಮಿ. ಮೀಟರು ಸರಿಯಾಗಿತ್ತು ಅಂತ ಬರೀರಿ. ಅವತ್ತು ಅಮಾವಾಸೆ. ಮಗ್ಗ ಓಡಲ್ಲ ಅಂತ ನೀವು ನನಗೆ ಹೇಳಿದ್ರಿ. ನನಗೆ ಗೊತ್ತಿತ್ತು. ಇದು ನನ್ನೂರು, ನಮ್ಮನೇಲೂ ಮಗ್ಗ ಇದೆ. ಇಂದುಜಾ ನಕ್ಕಿದ್ದಕ್ಕೆ ನಾಚಿಕೆಯಾಗಿ ಸುಮ್ಮನಿದ್ದೆ. ಆಮೇಲೆ ನಿಮ್ಮ ಹೆಸರು ಹೇಳಿಬಿಟ್ಟೆ. ಹಾಗೇ ಬರೀರಿ, ಸಹಿ ನಾನು ಹಾಕ್ತೀನಿ.” ಉಸಿರು ತಗೊಂಡು, ಬೀದಿಯ ಕಡೆ ತಿರುಗಿ ಕನ್ನಡದಲ್ಲಿ, “ಇವತ್ತು ತರಿ ಓಡ್ಸಿದ್ದೂ ಅಮ್ಮ ಅಲ್ಲ. ನಾನು. ಅವಳು ಬೇಡ ಬೇಡ ಅಂದ್ಲು,” ಎಂದ.

ಫೋನಿನ ಆ ತುದಿಯಲ್ಲಿ ಫಾರಂ ಮಗುಚಿದ ಸದ್ದಾಯಿತು. ಕರುಪ್ಪುಸಾಮಿ, “ಅಷ್ಟೆಲ್ಲಾ ಬರೆಯೋಕೆ ಜಾಗ ಇಲ್ಲಂಗ ಸಾರ್. ಕಾಲಂ ಚಿಕ್ಕದು. ಬೇರೆ ಹಾಳೆ ತಗೋತೀನುಂಗ,” ಎಂದ.

ಜನ ಈಗಲಾದರೂ ನಂಬಿದರೋ, ಇದೂ ಮೇಲಿನವರಿಗಾಗಿ ಆಡಿದ ನಾಟಕವೆಂದುಕೊಂಡರೋ ತಿಳಿಯಲಿಲ್ಲ. ಎಲ್ಲರಿಗಿಂತ ಮೊದಲು ಸುಬ್ಬಾತಾಳ್ ಎಲೆಅಡಿಕೆ ಉಗಿದು ಬಂದಳು. “ಅದೆಲ್ಲಾ ಇರ್ಲಿ ಶಣ್ಮುಗ,” ಎಂದಳು. “ತರೀಲಿ ಪಾವಿನ ನೂಲು ಅರ್ಧದಲ್ಲಿ ನಿಂತಿದೆ. ಕರೆಂಟು ಯಾವಾಗ್ ಬರುತ್ತೆ, ಅದ್ ಹೇಳು.”

ಎರಡು ಜಿಲ್ಲೆಗೆ ಹತ್ತು ವರ್ಷದ ಕರೆಂಟು ಬಲ್ಲವನು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡು ಅವನ ಪಕ್ಕಕ್ಕೆ ಬಂದು ನಿಂತು, ತನ್ನ ಎಂದಿನ ಗಟ್ಟಿ ದನಿಯಲ್ಲಿ, “ಇವನ್ನ ಏನ್ ಕೇಳ್ತೀಯೇ? ಇವನಿಗೆ ಅಮಾವಾಸೆ ಯಾವಾಗ ಅಂತಲೇ ಗೊತ್ತಿಲ್ಲ. ಫೋನಲ್ಲಿ ಇದಾರಲ್ಲ, ಅವರನ್ನ ಕೇಳು,” ಎಂದಳು.

ಶಣ್ಮುಗಂ ಫೋನನ್ನು ಷರ್ಟಿಗೆ ಒರೆಸಿ ಸುಬ್ಬಾತಾಳ್ ಕೈಗೆ ಕೊಟ್ಟ.